ಎದೆಮಟ್ಟದ ಹೊಸ್ತಿಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣನ್ನು ಕಡೆಗೆ ನೋಡುತ್ತಾರೆ. ಮೊದಲು ನೋಡುವುದು ಹೊಸ್ತಿಲನ್ನು. ನಾಲ್ಕು ಬೆರಳಿನ ಹೊಸ್ತಿಲಿದ್ದರೆ ಮುಖ ಅರಳುತ್ತದೆ. ಮೊಣಕಾಲಿನವರೆಗಿದ್ದರೆ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾರೆ. ಸೊಂಟದವರೆಗಿದ್ದರೆ ಮನೆ ತಪ್ಪಿ ಬಂದವರ ಹಾಗೆ ಬೀದಿಯಲ್ಲೇ ನಿಂತು ಆಚೀಚೆ ನೋಡಿ ಹೊರಟುಬಿಡುತ್ತಾರೆ. ಸಾಲ ಮಾಡಿದರೆ ಹೊಸ್ತಿಲು ಏಳುತ್ತದೆ, ತೀರಿಸಿದರೆ ಇಳಿಯುತ್ತದೆ. ಎರಡು ಸಾವಿರಕ್ಕೆ ಒಂದು ಬೆರಳು. ಮುಂಬಾಗಿಲು, ಹಿತ್ತಲ ಬಾಗಿಲು ಎಂಬ ಭೇದವಿಲ್ಲ. ಬೇರೆ ಊರುಗಳಲ್ಲಿ ಸಾಲವನ್ನು ಬೀರುವಿನಲ್ಲಿ ಬಚ್ಚಿಡುತ್ತಾರೆ ಎಂದು ಕೇಳಿದ್ದೇನೆ. ಪುಣ್ಯವಂತರು.

ನನ್ನ ಹೆಸರು ಮೌನೇಶಾಚಾರಿ. ಹೆಸರಿಟ್ಟವರಿಗೆ ನನ್ನ ಬಾಯಿಯ ಅಂದಾಜು ಇರಲಿಲ್ಲ. ಕಸುಬು ಮರಗೆಲಸ, ಹೊಟ್ಟೆ ತುಂಬುವುದು ಮಾತ್ರ ಮೆಟ್ಟಿಲಿನ ಬಾಡಿಗೆಯಿಂದ. ಹೊಸ್ತಿಲು ಮೊಣಕಾಲು ದಾಟಿದ ಮನೆಗೆ ಹೊರಗೊಂದು, ಒಳಗೊಂದು ಮರದ ಮೆಟ್ಟಿಲು ಬೇಕೇ ಬೇಕು. ಹೊಸ್ತಿಲು ಎದ್ದಷ್ಟೂ ಕದ ತಗಲುತ್ತದೆ, ಅದನ್ನು ಕೆಳಗಿನಿಂದ ಪಟ್ಟಿ ಪಟ್ಟಿಯಾಗಿ ಕೊಯ್ದುಕೊಡುವವನೂ ನಾನೇ. ಕೊಯ್ದ ಪಟ್ಟಿಗಳ ಮೇಲೆ ಮನೆಯವರ ಹೆಸರು ಬರೆದು ಅಟ್ಟದಲ್ಲಿಡುವುದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಸಾಲ ತೀರಿಸಿ ಬಂದವರಿಗೆ ಅವರವರ ಪಟ್ಟಿಯನ್ನೇ ಮತ್ತೆ ಜೋಡಿಸಿಕೊಡಬೇಕಲ್ಲ ಎಂದು ಅವನ ಯೋಚನೆ. ಪಾಪ, ಮನುಷ್ಯರ ಮೇಲೆ ಬಹಳ ನಂಬಿಕೆ ಇಟ್ಟಿದ್ದ. ಆ ಅಟ್ಟದ ತೊಲೆ ಈಗ ಭಾರಕ್ಕೆ ಬಗ್ಗಿದೆ.

ಊರಿನವರು ಇದಕ್ಕೆ ಹೊಂದಿಕೊಂಡಿರುವ ಚೆಂದವನ್ನು ನೋಡಬೇಕು. ಚರಂಡಿ ನೀರು ಒಳಗೆ ಬರಬಾರದೆಂದು ಎತ್ತರ ಮಾಡಿಸಿದ್ದೇವೆ ಎನ್ನುವವರು ಕೆಲವರು. ಹತ್ತಿ ಇಳಿದರೆ ಮಂಡಿಗೆ ಒಳ್ಳೆಯದಂತೆ, ಡಾಕ್ಟರು ಹೇಳಿದ್ದಾರೆ ಎನ್ನುವವರು ಕೆಲವರು. ಹಾಲಿನವನು ಕೊಕ್ಕೆ ಕಟ್ಟಿದ ಕೋಲಿನಲ್ಲಿ ಚೆಂಬನ್ನು ಒಳಗೆ ಇಳಿಬಿಡುವುದನ್ನು ಕಲಿತಿದ್ದಾನೆ. ಇನ್ನು ಕಂತಿನ ಅಂಗಡಿಯ ಪದ್ಮರಾಜಯ್ಯನವರು ನನ್ನ ಹೊಟ್ಟೆಯ ಮೇಲೆ ಹೊಡೆಯಲು ಅಲ್ಯೂಮಿನಿಯಂ ಏಣಿಗಳನ್ನೇ ಕಂತಿನ ಮೇಲೆ ಮಾರಲು ತಂದರು. ಏಣಿ ಮನೆ ತಲುಪುವಷ್ಟರಲ್ಲಿ ಹೊಸ್ತಿಲು ಇನ್ನೊಂದು ಬೆರಳು ಎದ್ದಿರುತ್ತಿತ್ತು. ಆದರೂ ಇಪ್ಪತ್ತಾರು ಏಣಿ ಖರ್ಚಾದವು.

ಸಂಪತ್ಕುಮಾರ, ಊರಿನ ಬಾಯಲ್ಲಿ ಸಂಪತ್ತು, ಆ ಏಣಿ ಕೊಂಡ ಮೊದಲಿಗ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ, ವಯಸ್ಸು ನಲವತ್ತನಾಲ್ಕು, ಮದುವೆಯಿಲ್ಲ. ಯಾಕಿಲ್ಲ ಎಂದು ಮೇಲೆಯೇ ಹೇಳಿದ್ದೇನೆ. ಮನೆಯಲ್ಲಿ ಅವನು, ಅವನ ತಾಯಿ ರಂಗನಾಯಕಮ್ಮ, ಮತ್ತು ಪೆಟ್ಟಿಗೆಗಳು. ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆಗೆ ಮೊಟ್ಟೆ ಬೇಯಿಸುವ ಯಂತ್ರ ತಂದಿದ್ದ. ತಲೆ ನುಣ್ಣಗಾದ ಮೇಲೆ ಕೂದಲು ಒಣಗಿಸುವ ಯಂತ್ರ ತಂದಿದ್ದ. ಗೋಡೆಯ ಮೇಲೆ ಹನ್ನೊಂದು ಗಡಿಯಾರಗಳು ಹನ್ನೊಂದು ಸಮಯ ತೋರಿಸುತ್ತಿದ್ದವು, ಹಾಗಾಗಿ ಅವನು ಕಾಲೇಜಿಗೆ ದಿನಾ ತಡವಾಗಿ ಹೋಗುತ್ತಿದ್ದ. ಅರ್ಧಕ್ಕರ್ಧ ಪೆಟ್ಟಿಗೆಗಳ ದಾರವನ್ನೂ ಬಿಚ್ಚಿರಲಿಲ್ಲ. ಅಂಗಡಿಯಿಂದ ಎದೆಗೆ ಅವುಚಿಕೊಂಡು ತರುವವರೆಗೆ ಮುಖದಲ್ಲಿ ಮದುಮಗನ ಕಳೆ. ಹಜಾರದಲ್ಲಿಟ್ಟ ಮರುಗಳಿಗೆಯೇ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

ಬುದ್ಧಿವಂತಿಕೆಗೇನೂ ಕೊರತೆಯಿರಲಿಲ್ಲ. ಮೊದಲು ಒಬ್ಬರ ಹತ್ತಿರ ತೆಗೆದು ಇನ್ನೊಬ್ಬರಿಗೆ ಕೊಟ್ಟು ನೋಡಿದ. ಹೊಸ್ತಿಲು ಬ್ಯಾಂಕಿನವರಷ್ಟು ಮರುಳಲ್ಲ, ಇದ್ದಲ್ಲಿಯೇ ಇತ್ತು. ಆಮೇಲೆ ಹದಿನಾರು ಸಾವಿರ ಸಾಲ ಮಾಡಿ, ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸಿ, ಬೀದಿಯಿಂದ ಹೊಸ್ತಿಲಿನ ಮಟ್ಟಕ್ಕೆ ಒಂದು ಇಳಿಜಾರು ದಿಬ್ಬ ಕಟ್ಟಿಸಿದ. ಬೀದಿಯಿಂದ ನೋಡಿದವರಿಗೆ ಈಗ ಹೊಸ್ತಿಲೇ ಕಾಣುವುದಿಲ್ಲ ಎಂಬುದು ಅವನ ಲೆಕ್ಕ. ಆ ಸಾಲಕ್ಕೆ ಹೊಸ್ತಿಲು ಎಂಟು ಬೆರಳು ಎದ್ದು ದಿಬ್ಬದ ಮೇಲೂ ಇಣುಕಿತು. ಕರೆಂಟು ಮೀಟರ್ ನೋಡುವವನು ದಿಬ್ಬ ಹತ್ತಿ ಬಂದು, ಎಡವಿ, ಒಳಗಿನ ಬಾವಿಯಂಥ ಹಜಾರಕ್ಕೆ ಬಿದ್ದ. ಪೆಟ್ಟಿಗೆಗಳ ಮೇಲೆ ಬಿದ್ದದ್ದರಿಂದ ಮೂಳೆ ಮುರಿಯಲಿಲ್ಲ. ಅವು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಬೀದಿ ಒತ್ತುವರಿ ಎಂದು ಪುರಸಭೆಯವರು ಬಂದು ದಿಬ್ಬವನ್ನು ತೆಗೆದುಕೊಂಡು ಹೋದರು, ಸಾಲವನ್ನು ಬಿಟ್ಟು ಹೋದರು.

ಅಷ್ಟರಲ್ಲಿ ಹೊಸ್ತಿಲು ಸಂಪತ್ತಿನ ಎದೆಗೆ ಬಂದಿತ್ತು. ಏಣಿಯಿಂದ ಎರಡು ಸಲ ಜಾರಿ ಬಿದ್ದ ಮೇಲೆ ನನ್ನ ಐದು ಹಂತದ ಮೆಟ್ಟಿಲನ್ನು ಬಾಡಿಗೆಗೆ ತೆಗೆದುಕೊಂಡ. ಕೆಳಗೆ ಹೊಸ್ತಿಲು, ಮೇಲೆ ಚೌಕಟ್ಟಿನ ಅಡ್ಡಪಟ್ಟಿ, ನಡುವೆ ಉಳಿದದ್ದು ಒಂದು ಕಿಟಕಿಯಷ್ಟು ಜಾಗ. ಮೆಟ್ಟಿಲು ಹತ್ತಿ, ಕತ್ತು ಬಗ್ಗಿಸಿ, ಕಾಲು ಹಾಕಿ, ಆಚೆ ಬದಿಯ ಮೆಟ್ಟಿಲನ್ನು ಕಾಲಿನಲ್ಲೇ ತಡಕಿ ಇಳಿಯಬೇಕು. ಇಪ್ಪತ್ತರವರಿಗೆ ಅದು ಆಟ. ರಂಗನಾಯಕಮ್ಮನವರಿಗೆ ಎಪ್ಪತ್ತನಾಲ್ಕು, ಎಡಗಾಲಿನ ಮಂಡಿ ಮಡಿಸಲು ಬರುವುದಿಲ್ಲ.

ಆಕೆ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ಕುಂಕುಮವಿಟ್ಟು, ಎರಡೆಳೆ ರಂಗೋಲಿ ಎಳೆಯುವವರು. ಹೊಸ್ತಿಲು ಮೊಣಕಾಲಿಗೆ ಬಂದಾಗ, "ಒಳ್ಳೇದೇ ಆಯ್ತು ಬಿಡು, ಬಗ್ಗೋದು ತಪ್ತು, ಸೊಂಟಕ್ಕೆ ಆರಾಮು" ಎಂದು ನಕ್ಕಿದ್ದರು. ಸೊಂಟಕ್ಕೆ ಬಂದಾಗ ನಗಲಿಲ್ಲ. ಎದೆಗೆ ಬಂದ ಮೇಲೆ ಕೈ ಮೇಲೆತ್ತಿ ಹಚ್ಚುತ್ತಿದ್ದರು, ಅರಿಶಿನದ ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಒಂಬತ್ತು ತಿಂಗಳು ಅವರು ಬೀದಿಗೆ ಕಾಲಿಟ್ಟಿರಲಿಲ್ಲ. ಎದುರು ಮನೆಯ ಸುಂದರಮ್ಮ ಅವರ ಐವತ್ತು ವರ್ಷದ ಗೆಳತಿ. ಮೊದಲೆಲ್ಲ ಸಂಜೆಯಾದರೆ ಇಬ್ಬರೂ ಸುಂದರಮ್ಮನ ಜಗಲಿಯಲ್ಲಿ ಕೂತು ಊರಿನ ಹೊಸ್ತಿಲುಗಳನ್ನೆಲ್ಲ ಬಾಯಲ್ಲೇ ಅಳೆಯುತ್ತಿದ್ದರು. ಈಗ ಒಬ್ಬರು ಜಗಲಿಯಿಂದ, ಇನ್ನೊಬ್ಬರು ಹೊಸ್ತಿಲಿನ ಹಿಂದಿನಿಂದ ತಲೆ ಮಾತ್ರ ಕಾಣುವಂತೆ ನಿಂತು, ಬೀದಿಯ ಅಡ್ಡಕ್ಕೆ ಕೂಗಿಕೊಂಡು ಮಾತಾಡುತ್ತಿದ್ದರು. ಒಂಬತ್ತು ಹೆಜ್ಜೆಯ ಬೀದಿ ಅದು. ನಾನೇ ಅಳೆದಿದ್ದೇನೆ.

ಸುಂದರಮ್ಮ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಹೋಗಿಬಿಟ್ಟರು. ರಂಗನಾಯಕಮ್ಮ ಒಳಗಿನಿಂದ ಒಂದೇ ಸಮನೆ ಕೂಗಿದರು. "ಸಂಪತ್ತೂ, ನನ್ನ ಎತ್ತೋ! ಒಂದ್ಸಲ ಮುಖ ನೋಡ್ಬೇಕು ಕಣೋ!" ಮೆಟ್ಟಿಲು ಹತ್ತಿಸಲು ಹೋದರೆ ಮಂಡಿ ಕೇಳಲಿಲ್ಲ. ಕಡೆಗೆ ಕುರ್ಚಿಗೆ ಹಗ್ಗ ಕಟ್ಟಿ, ಸಂಪತ್ತು ಮತ್ತು ನಾನು ಒಳಗಿನಿಂದ, ಸಾವಿನ ಮನೆಗೆ ಬಂದಿದ್ದ ಇಬ್ಬರು ಹೊರಗಿನಿಂದ ಹಿಡಿದೆವು. ಕುರ್ಚಿಯ ಬೆನ್ನು ಮೇಲಿನ ಅಡ್ಡಪಟ್ಟಿಗೆ ಸಿಕ್ಕಿಕೊಂಡಿತು. ಓರೆ ಮಾಡಿದೆವು, ಇಳಿಸಿದೆವು, ಬೆನ್ನನ್ನು ಗರಗಸದಿಂದ ಕೊಯ್ದೆ. ಬೇರೆ ಊರಿನಿಂದ ಬಂದ ನೆಂಟರೊಬ್ಬರು ಗುಂಪು ನೋಡಿ, ಹೋದವರು ಇವರೇ ಎಂದುಕೊಂಡು ಹಾರ ಹಿಡಿದು ಈ ಕಡೆಗೇ ಬಂದರು. ನಾವು ಕುರ್ಚಿಯನ್ನು ಬೀದಿಗೆ ಇಳಿಸುವ ಹೊತ್ತಿಗೆ ಅತ್ತ ಚಟ್ಟ ಎದ್ದು ಬೀದಿಯ ತಿರುವು ದಾಟಿತ್ತು. ಹೊತ್ತು ಮೀರುತ್ತದೆ ಎಂದು ಪುರೋಹಿತರ ಅವಸರ. ಎದುರಿಗೆ ಉಳಿದಿದ್ದದ್ದು ನೆಲದ ಮೇಲೆ ಚೆಲ್ಲಿದ ಪುರಿ ಮಾತ್ರ.

ರಂಗನಾಯಕಮ್ಮ ಅಳಲಿಲ್ಲ. ನಡುಬೀದಿಯಲ್ಲಿ, ಬೆನ್ನಿಲ್ಲದ ಕುರ್ಚಿಯ ಮೇಲೆ ತುಂಬ ಹೊತ್ತು ಕೂತರು. ಆಮೇಲೆ ಮಗನಿಗೆ ಹೇಳಿದರು. "ಅವಳನ್ನೂ ನಾಲ್ಕು ಜನ ಎತ್ತಿದ್ರು, ನನ್ನನ್ನೂ ನಾಲ್ಕು ಜನ ಎತ್ತಿದ್ರು. ಅವಳಿಗೆ ಸತ್ತ ಮೇಲೆ. ನನಗೆ ಬದುಕಿದ್ದಾಗ್ಲೇ ನೀನು ಆ ಭಾಗ್ಯ ಕೊಟ್ಟೆ." ಸಂಪತ್ತು ಕೊಯ್ದ ಕುರ್ಚಿಯ ಬೆನ್ನನ್ನು ನೆಲದಿಂದ ಎತ್ತಿಕೊಂಡ. "ಇನ್ನು ನನ್ನ ಎತ್ತೋದು ಒಂದೇ ಸಲ. ಅದಕ್ಕೆ ಮುಂಚೆ ನನ್ನ ಕಾಲಲ್ಲಿ ನಾನೇ ನಡ್ಕೊಂಡು ಈ ಹೊಸ್ತಿಲು ದಾಟ್ಬೇಕು. ಅಷ್ಟೇ ಕಣೋ ನಾನು ಕೇಳೋದು." ಆ ಮೆಟ್ಟಿಲು ನನ್ನದು, ಅದರ ಬಾಡಿಗೆ ತಿಂದವನು ನಾನು.

ಅವರನ್ನು ಮತ್ತೆ ಒಳಗಿಳಿಸಿದ ಮೇಲೆ ನನ್ನನ್ನು ಕರೆದರು. "ಮೌನೇಶ, ನಿನ್ನ ಮೆಟ್ಟಿಲು ಎರಡನ್ನೂ ಎತ್ಕೊಂಡು ಹೋಗು."

"ಅಮ್ಮಾವ್ರೇ, ಅಣ್ಣೋರು ಹೊರಗೆ ಹೋಗೋದು ಹೆಂಗೆ?"

"ಹತ್ಕೊಂಡು ಹೋಗ್ಲಿ. ಮೆಟ್ಲು ಇದ್ದಿದ್ದಕ್ಕೇ ಇವನಿಗೆ ಹೊಸ್ತಿಲು ಎಷ್ಟೆತ್ತರ ಇದೆ ಅಂತ ಗೊತ್ತಾಗ್ಲಿಲ್ಲ."

ಏಣಿಯೂ ಪದ್ಮರಾಜಯ್ಯನವರ ಅಂಗಡಿಗೆ ವಾಪಸು ಹೋಯಿತು. ಮರುದಿನದಿಂದ ಬೀದಿಗೆ ಒಳ್ಳೆಯ ಮನರಂಜನೆ. ಕಾಲೇಜಿಗೆ ಹೊರಟ ಸಂಪತ್ತು ಮೊದಲು ಚೀಲ ಎಸೆಯುತ್ತಿದ್ದ, ಆಮೇಲೆ ಚಪ್ಪಲಿ, ಆಮೇಲೆ ಎರಡೂ ಕೈ ಊರಿ ಹೊಸ್ತಿಲಿನ ಮೇಲೆ ಹೊಟ್ಟೆ ಹಾಕಿ, ಕಾಲು ಬಡಿದು, ಆಚೆ ಉರುಳುತ್ತಿದ್ದ. ಪ್ಯಾಂಟಿಗೆ ಮುಂಭಾಗದಲ್ಲಿ ಅರಿಶಿನ. ಬೇಕೆಂದೇ ಆಕೆ ಅರಿಶಿನವನ್ನು ದಪ್ಪಗೆ ಹಚ್ಚುತ್ತಿದ್ದರು ಎಂದು ನನ್ನ ಗುಮಾನಿ.

ಪೆಟ್ಟಿಗೆಗಳನ್ನೂ ಒಂದೊಂದಾಗಿ ಅದೇ ದಾರಿಯಲ್ಲಿ ಹೊರಗೆ ಎತ್ತಿ ಹಾಕಬೇಕಾಯಿತು. ಜೀವಮಾನವಿಡೀ ಬೆಲೆ ಕುಗ್ಗದ ಮಾಲು ಎಂದು ಆಣೆ ಮಾಡಿ ಮಾರಿದ್ದ ಪದ್ಮರಾಜಯ್ಯನವರು ಈಗ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ, ಕಾಲು ಪಾಲು ಕೊಡಬಹುದು, ಅದೂ ನಿಮ್ಮ ಮುಖ ನೋಡಿ ಎಂದರು. ಉಳಿದದ್ದನ್ನು ಸಂಪತ್ತು ಕಾಲೇಜಿನ ಗೇಟಿನ ಮುಂದೆ ಹರಡಿ ಕೂತ. ಉಪನ್ಯಾಸಕರು ಬಂದು, "ಏನಯ್ಯಾ ಸಂಪತ್ತು, ಈ ಗಡಿಯಾರ ನಡಿಯುತ್ತಾ, ಇಲ್ಲಾ ನಿನ್ನ ಹಾಗೇನಾ?" ಎಂದು ಚೌಕಾಸಿ ಮಾಡಿದರು. ಮೊಟ್ಟೆಯ ಯಂತ್ರ ಪ್ರಿನ್ಸಿಪಾಲರ ಹೆಂಡತಿಯ ಪಾಲಾಯಿತು. ಕೂದಲಿನ ಯಂತ್ರ ಯಾರಿಗೂ ಬೇಡವಾಯಿತು. ಸಂಬಳ ಬಂದ ದಿನ ಅರ್ಧ ನೇರವಾಗಿ ಸಾಲ ಕೊಟ್ಟವರಿಗೆ. ಸಂಜೆ ಮನೆಯಲ್ಲೇ ಫಿನಾಯಿಲು ತಯಾರಿಸಿ ಬಾಟಲಿಗೆ ತುಂಬಿ ಬೀದಿ ಬೀದಿ ಮಾರಿದ. ಕಲಿತ ರಸಾಯನಶಾಸ್ತ್ರ ಕಡೆಗೂ ಕೆಲಸಕ್ಕೆ ಬಂತು. ಎತ್ತರದ ಹೊಸ್ತಿಲಿನ ಮನೆಗಳವರು ಒಳಗಿನಿಂದಲೇ, "ಬಾಟ್ಲಿ ಕೊಟ್ಟಿರಿ, ದುಡ್ಡು ಮುಂದಿನ ತಿಂಗ್ಳು" ಎನ್ನುತ್ತಿದ್ದರು. ಇವನು ಬಾಟಲಿಯನ್ನು ಚೀಲಕ್ಕೆ ವಾಪಸು ಹಾಕುತ್ತಿದ್ದ. "ಬೇಡ ತಾಯಿ, ಹತ್ತೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು."

ಮೊದಲ ನಾಲ್ಕು ತಿಂಗಳಲ್ಲಿ ಹೊಸ್ತಿಲು ಎದೆಯಿಂದ ಹೊಟ್ಟೆಗೆ ಬಂತು. ನಾನು ಅಟ್ಟ ಹತ್ತಿ, ದೂಳು ಕೊಡವಿ, 'ಸಂಪತ್ತು' ಎಂದು ಬರೆದ ಪಟ್ಟಿಗಳನ್ನು ಹುಡುಕಿ ತಂದು ಕದದ ಕೆಳಗೆ ಬಡಿದೆ. ನಮ್ಮಪ್ಪನ ಪದ್ಧತಿ ಊರಿನಲ್ಲಿ ಬಹುಶಃ ಮೊದಲ ಸಲ ನಡೆದದ್ದು ಅವತ್ತು. ನನ್ನ ವ್ಯಾಪಾರ ಹಾಳಾಗುತ್ತಿದೆ ಎಂದು ಎಲ್ಲರ ಮುಂದೆ ಗೊಣಗಿದೆ. ಒಳಗೊಳಗೆ ಮನಸ್ಸಿಗೆ ಹಿತವಾಗಿತ್ತು.

ಐದನೆಯ ತಿಂಗಳಲ್ಲಿ ಒಂದು ಸಂಜೆ ಸಂಪತ್ತು ನಾನು ಮರಗೆಲಸ ಮಾಡುವ ಕೊಟ್ಟಿಗೆಗೆ ಬಂದ. ಅಂಗಿಯೊಳಗೆ ಏನೋ ಉಬ್ಬಿತ್ತು. ಏಳು ಬಣ್ಣದ ಬೆಳಕು ಬಿಡುವ ಟಾರ್ಚು. ಕಂತಿನ ಮೇಲೆ, ಎರಡು ಸಾವಿರ. "ಇಲ್ಲೇ ಎಲ್ಲಾದ್ರೂ ಇಟ್ಟಿರು ಮೌನೇಶ. ಅಮ್ಮಂಗೆ ಹೇಳ್ಬೇಡ" ಎಂದ. ಅಮ್ಮನಿಗೆ ಹೇಳಲು ನಾನೇನು ಬೇಕು? ಮರುದಿನ ಬೆಳಿಗ್ಗೆ ಆಕೆ ಅರಿಶಿನ ಹಚ್ಚಲು ಕೈ ಇಟ್ಟವರು, ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತರಂತೆ. ಬೈಯಲಿಲ್ಲ. "ಸಂಪತ್ತು, ಇವತ್ತು ಯಾಕೋ ಭುಜ ನೋಯ್ತಿದೆ ಕಣೋ" ಎಂದಷ್ಟೇ ಹೇಳಿದರಂತೆ.

ಅವನು ಹೊಸ್ತಿಲು ಹಾರಿ ಚಪ್ಪಲಿಯನ್ನೂ ಹಾಕದೆ ನನ್ನ ಕೊಟ್ಟಿಗೆಗೆ ಓಡಿಬಂದ. ಟಾರ್ಚು ಹಿಡಿದುಕೊಂಡು, ಮರದ ಹೊಟ್ಟಿನ ರಾಶಿಯ ಮೇಲೆ ಕೂತು, ಚಿಕ್ಕ ಮಕ್ಕಳ ಹಾಗೆ ಅತ್ತ. "ನಂಗೆ ಈ ಟಾರ್ಚೂ ಬೇಡ, ಯಾವ್ದೂ ಬೇಡ ಮೌನೇಶ. ಕಾಲೇಜಲ್ಲಿ ಎಲ್ರೂ ಏನಯ್ಯಾ ಅಂತಾರೆ, ಬಾರೋ ಅಂತಾರೆ. ಅಂಗ್ಡಿ ಮುಂದೆ ಹೋದ್ರೆ ಪದ್ಮರಾಜಯ್ಯ ಎದ್ದು ನಿಂತು, 'ಬನ್ನಿ ಸಾರ್, ಕೂತ್ಕೊಳ್ಳಿ ಸಾರ್' ಅಂತಾರೆ. ಇಡೀ ಊರಲ್ಲಿ ನಂಗೆ ಸಾರ್ ಅನ್ನೋರು ಅವರೊಬ್ರೇ. ಅದನ್ನ ಕೇಳಿದ್ಮೇಲೆ ಬರಿಗೈಲಿ ಬರೋಕೆ ಆಗಲ್ಲ."

ಒಂದೂಕಾಲು ಲಕ್ಷ ರೂಪಾಯಿಯ ಸಾಲ, ಒಂಬತ್ತು ತಿಂಗಳ ಸೆರೆ, ಒಂದು ಸಾವಿನ ಮುಖ ತಪ್ಪಿದ್ದು, ಎಲ್ಲ ಎರಡಕ್ಷರಕ್ಕೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಎದ್ದೇಳಿ ಸಾರ್" ಎಂದೆ. "ಟಾರ್ಚ್ ವಾಪಸ್ ಕೊಟ್ಟು ಬರೋಣ, ನಾನೂ ಬರ್ತೀನಿ." ಅವನು ತಲೆಯೆತ್ತಿ ನನ್ನನ್ನು ನೋಡಿದ. ಅವತ್ತಿನಿಂದ ನಾನು ಅವನನ್ನು ಸಾರ್ ಎಂದೇ ಕರೆಯುತ್ತೇನೆ. ಖರ್ಚಿಲ್ಲದ ಕೆಲಸ, ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಸಂಪತ್ತು ಅಂಗಡಿಯ ಬೀದಿಯನ್ನು ಬಿಟ್ಟು, ದೊಡ್ಡ ಚರಂಡಿಯ ಪಕ್ಕದಲ್ಲಿ ಸುತ್ತು ಹಾಕಿಕೊಂಡು ಕಾಲೇಜಿಗೆ ಹೋಗತೊಡಗಿದ. ವಾಸನೆಗೆ ಮೂಗು ಮುಚ್ಚಿಕೊಂಡರೆ ಬೇರೆ ಆಸೆಗಳಿಗೆ ಜಾಗವಿರುತ್ತಿರಲಿಲ್ಲ.

ಹೀಗೆ ಎರಡು ವರ್ಷ ಮೂರು ತಿಂಗಳು. ಹೊಟ್ಟೆ, ಸೊಂಟ, ತೊಡೆ, ಮೊಣಕಾಲು. ರಂಗನಾಯಕಮ್ಮ ಮೊದಲು ಕೈ ಚಾಚಿ, ಆಮೇಲೆ ನೆಟ್ಟಗೆ ನಿಂತು, ಆಮೇಲೆ ಸ್ವಲ್ಪ ಬಗ್ಗಿ ಅರಿಶಿನ ಹಚ್ಚಿದರು. ನಡುವೆ ಒಂದು ಚಳಿಗಾಲ ಅವರು ಜ್ವರ ಬಂದು ಮಲಗಿದಾಗ ಸಂಪತ್ತಿನ ಮುಖದಲ್ಲಿ ರಕ್ತವಿರಲಿಲ್ಲ. ಹೊಸ್ತಿಲು ಇನ್ನೂ ತೊಡೆಯ ಮಟ್ಟದಲ್ಲಿತ್ತು. ಆಕೆ ಮಲಗಿದ್ದಲ್ಲಿಂದಲೇ, "ಹೆದರ್ಬೇಡ, ಈಗ ಎತ್ತಿಸ್ಕೊಳ್ಳಲ್ಲ, ನೀನು ಫಿನಾಯ್ಲು ಮಾರ್ಕೊಂಡು ಬಾ ಹೋಗು" ಎಂದು ಗದರಿದರು.

ಕಡೆಯ ಕಂತು ಕಟ್ಟಿದ ದಿನ ಸಂಪತ್ತು ರಸೀದಿ ಹಿಡಿದುಕೊಂಡು ಓಡಿಬಂದ. ಹೊಸ್ತಿಲಿಗೆ ಬೆರಳಿಟ್ಟು ಅಳೆದ. ಐದು ಬೆರಳು. ಸಾಲವಿಲ್ಲದ ಮನೆಗೆ ನಾಲ್ಕಿರಬೇಕಿತ್ತು. ಮತ್ತೆ ಅಳೆದ, ಐದೇ. ರಸೀದಿಗಳನ್ನೆಲ್ಲ ಹಜಾರದಲ್ಲಿ ಹರಡಿ ತಲೆ ಕೆಡಿಸಿಕೊಂಡ. ನನ್ನನ್ನು ಕರೆದು, "ಮೌನೇಶ, ಮರ ಉಬ್ಬಿದೆಯೇನೋ ನೋಡು" ಎಂದ. ನನಗೆ ಆಗ ನೆನಪಾಯಿತು. ಕದ ಕೊಯ್ದ ಕೂಲಿ, ಪಟ್ಟಿ ಜೋಡಿಸಿದ ಕೂಲಿ, ಹಳೆಯ ಬಾಡಿಗೆಯ ಬಾಕಿ. ಪಾಪ, ಕಷ್ಟದಲ್ಲಿದ್ದಾರೆ ಎಂದು ನಾನು ದೊಡ್ಡ ಮನುಷ್ಯನಾಗಿ ಕೇಳಿಯೇ ಇರಲಿಲ್ಲ.

"ಅದು ನಂದು ಸಾರ್. ಎರಡು ಸಾವಿರ ಆಗ್ಬಹುದು. ಬಿಡಿ, ನಂಗೆ ಬೇಡ" ಎಂದೆ. ಮೂವರೂ ಹೊಸ್ತಿಲನ್ನು ನೋಡಿದೆವು. ಅದು ಅಲುಗಲಿಲ್ಲ.

"ನಿನಗೆ ಬೇಡ ಅಂದ್ರೆ ಹೊಸ್ತಿಲಿಗೇನಪ್ಪಾ?" ಎಂದರು ರಂಗನಾಯಕಮ್ಮ. "ತಗೊಂಡದ್ದು ತಗೊಂಡದ್ದೇ. ನಿನ್ನ ಧಾರಾಳ ನನ್ನ ಕಾಲಿಗೆ ಅಡ್ಡ ಬಂತು ನೋಡು."

ಆ ಒಂದು ಬೆರಳನ್ನು ಅವರು ದಾಟಬಹುದಿತ್ತು. ದಾಟಲಿಲ್ಲ. ಇನ್ನೊಂದು ಸಂಬಳ ಬರುವವರೆಗೆ ಇಪ್ಪತ್ತೆರಡು ದಿನ ಕಾದರು. ಮೊದಲ ತಾರೀಕು ಸಂಪತ್ತು ನನ್ನ ಕೈಯಲ್ಲಿ ದುಡ್ಡಿಟ್ಟ. ಅದಕ್ಕೆ ಮೊದಲು ಯಾರ ದುಡ್ಡು ಎಣಿಸುವಾಗಲೂ ನನಗೆ ಕಣ್ಣು ಮಂಜಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಹೊಸ್ತಿಲಿಗೆ ಅರಿಶಿನ ಹಚ್ಚಲು ಬಗ್ಗಿದರು. ಪೂರ್ತಿ ಬಗ್ಗಬೇಕಾಯಿತು. "ಅಯ್ಯಯ್ಯೋ ನನ್ನ ಸೊಂಟ! ಹಾಳಾದ್ದು, ಸಾಲ ಇದ್ದಾಗ್ಲೇ ವಾಸಿ ಇತ್ತು!" ಎಂದು ಬೀದಿಗೆಲ್ಲ ಕೇಳುವಂತೆ ನರಳಿದರು. ಅಷ್ಟು ಸಂತೋಷದ ನರಳಾಟವನ್ನು ನಾನು ಕೇಳಿಲ್ಲ. ಸಂಪತ್ತು ಕೈ ಹಿಡಿಯಲು ಹೋದ, ಕೊಡವಿದರು. ಬಾಗಿಲಿನ ಚೌಕಟ್ಟು ಹಿಡಿದು, ಮಡಿಸಲಾಗದ ಎಡಗಾಲನ್ನು ಕೋಲಿನ ಹಾಗೆ ಎತ್ತಿ ಹೊರಗಿಟ್ಟರು. ಆಮೇಲೆ ಬಲಗಾಲು. ಹೊರಗೆ ನಿಂತು ಸೀರೆ ಸರಿಮಾಡಿಕೊಂಡರು.

ಬೀದಿ ದಾಟಿದರು. ಒಂಬತ್ತು ಹೆಜ್ಜೆಯ ಬೀದಿ ಅವರಿಗೆ ಹದಿನೆಂಟಾಯಿತು. ಸುಂದರಮ್ಮನ ಜಗಲಿಯ ಮೇಲೆ ತಮ್ಮ ಹಳೆಯ ಜಾಗದಲ್ಲಿ, ಒಂದು ಪಕ್ಕಕ್ಕೆ ಸರಿದು ಕೂತರು. ಇನ್ನೊಬ್ಬರಿಗೆ ಎಷ್ಟು ಜಾಗ ಬೇಕೋ ಅಷ್ಟನ್ನು ಬಿಟ್ಟಿದ್ದರು. ಆ ಖಾಲಿ ಜಾಗದ ಮೇಲೆ ಅರಿಶಿನದ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಏನೋ ಮೆಲ್ಲಗೆ ಮಾತಾಡಿದರು. ನಾವು ದೂರವೇ ನಿಂತಿದ್ದೆವು. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ತಮ್ಮ ಮನೆಯನ್ನು ಎದುರಿನಿಂದ ನೋಡಿದರು. ಕದದ ತುಂಬ ನಾನು ಬಡಿದ ಪಟ್ಟಿಗಳು, ಒಂದೊಂದರ ಮೇಲೂ ಸೀಸದ ಕಡ್ಡಿಯಲ್ಲಿ 'ಸಂಪತ್ತು', 'ಸಂಪತ್ತು'.

"ಥೂ, ಕದ ಎಷ್ಟು ಅಸಹ್ಯವಾಗಿದೆಯೋ!" ಎಂದರು.

"ಹೊಸದು ಹಾಕ್ಸೋಣ್ವಾ ಅಮ್ಮಾ?" ಎಂದ ಸಂಪತ್ತು. ತೇಗದ್ದು, ಹಿತ್ತಾಳೆಯ ಹಿಡಿ ಇರುವುದು. ಅವನ ಕಣ್ಣಿನಲ್ಲಿ ಆ ಹಳೆಯ ಮದುಮಗನ ಕಳೆ ಮಿಂಚಿದ್ದನ್ನು ನಾನು ನೋಡಿದೆ. ಹೊಸ ಕದ ಮಾಡಬೇಕಾದವನು ನಾನೇ. ದೊಡ್ಡ ಕೆಲಸ, ಒಳ್ಳೆಯ ಲಾಭ. ಆದರೂ ಅಳತೆಪಟ್ಟಿಗೆ ನಾನು ಕೈ ಹಾಕಲಿಲ್ಲ.

ಮೂವರೂ ಹೊಸ್ತಿಲಿನ ಕಡೆ ತಿರುಗಿದೆವು. ಹಸಿ ಅರಿಶಿನ ಬಿಸಿಲಿಗೆ ಹೊಳೆಯುತ್ತಿತ್ತು. ಸಂಪತ್ತು ಜೇಬಿನೊಳಗೆ ಹೋಗಿದ್ದ ಕೈಯನ್ನು ನಿಧಾನವಾಗಿ ಹೊರಗೆ ತೆಗೆದ.

"ಬೇಡ ಬಿಡಮ್ಮ, ಹೆಸರು ಬರೆದಿದೆ, ಇರ್ಲಿ" ಎಂದ. ಆಮೇಲೆ ಬೀದಿ ದಾಟಿ ಹೋಗಿ ತಾಯಿಯ ಕಾಲ ಬಳಿ, ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂತ. ಆಕೆ ನನ್ನ ಕಡೆ ತಿರುಗಿ, "ಮೌನೇಶ, ನಿಮ್ಮ ಸಾರ್‌ಗೆ ಕಾಲೇಜಿಗೆ ಹೊತ್ತಾಯ್ತೇನೋ ನೋಡಪ್ಪ, ನಮ್ಮನೇಲಿ ಈಗ ಗಡಿಯಾರ ಒಂದೂ ಇಲ್ಲ" ಎಂದರು.